ಪಿಲಾಟೀಸ್ ಮೆಷಿನ್ನಿಗೆ ಆಯುಧಪೂಜೆ

ಅನ್ನಪೂರ್ಣೇಶ್ವರಿ ನಗರದಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ರಾಗಿಣಿಯ ಪಿಲಾಟೀಸ್ ಸ್ಟುಡಿಯೋ ಇದೆ. ಅಲ್ಲಿ ನಾಲ್ಕು ರಿಫಾರ್ಮರ್ ಮೆಷಿನ್ನುಗಳು. ಮೆಷಿನ್ನೆಂದರೆ ಹೆದರುವಂಥದ್ದೇನಲ್ಲ. ಉದ್ದನೆಯ ಮರದ ಚೌಕಟ್ಟು, ಅದರೊಳಗೆ ಹಿಂದೆ ಮುಂದೆ ಜಾರುವ ಮೆತ್ತನೆಯ ಹಾಸು, ಹಾಸನ್ನು ಹಿಡಿದೆಳೆಯುವ ಐದು ಸ್ಪ್ರಿಂಗು, ಕಾಲು ಕೊಡಲು ಒಂದು ಕಂಬಿ. ಸ್ಪ್ರಿಂಗು ಕೊಕ್ಕೆಗೆ ಸಿಕ್ಕಿಸಿದ್ದರೆ ಅದು ವ್ಯಾಯಾಮದ ಮಂಚ. ಬಿಚ್ಚಿದ್ದರೆ ಎಣ್ಣೆ ಚೆಲ್ಲಿದ ನೆಲ.

ಇಷ್ಟನ್ನು ನನಗೆ ಕಲಿಸಿದವಳು ಕುಸುಮಾ. ಮೂಡಲಪಾಳ್ಯದ ತಿಮ್ಮಯ್ಯನವರ ಮಗಳು. ಕಾಲೇಜಿನಲ್ಲಿ ಕಬಡ್ಡಿ ಆಡಿ ಮಂಡಿ ಹಾಳುಮಾಡಿಕೊಂಡು, ಅದನ್ನು ಸರಿಮಾಡಿಕೊಳ್ಳಲು ಹೋಗಿ ಈ ವಿದ್ಯೆಗೆ ಬಿದ್ದವಳು. ನಾನು ವಿಜಯನಗರದ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಸೊಂಟದ ಡಿಸ್ಕು ಜಾರಿ, ಎರಡು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತಾ ಅವಳ ಹತ್ತಿರ ಬಂದೆ. ಆರು ವರ್ಷದಿಂದ ನಾನು ನೆಟ್ಟಗೆ ನಿಂತು ಪಾಠ ಮಾಡುತ್ತಿದ್ದರೆ ಅದು ಅವಳ ದಯೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದು ನನಗೆ ಮರ್ಯಾದೆ ತರುವಂಥದ್ದಲ್ಲ.

ಅವಳ ಕ್ರಮ ನೋಡಿದರೆ ಮೊದಮೊದಲು ಸಿಟ್ಟು ಬರುತ್ತಿತ್ತು. ಯಾರೇ ಕೂರುವ ಮುಂಚೆ ತಾನೇ ಹಾಸನ್ನು ಎಳೆದು ನೋಡುವಳು, ಒಂದೊಂದು ಸ್ಪ್ರಿಂಗನ್ನೂ ಬೆರಳಿಟ್ಟು ಮುಟ್ಟುವಳು. ಮೊದಲು ಕೂರಬೇಕು, ಮೇಲೆ ನಿಲ್ಲುವ ಮಾತೇ ಇಲ್ಲ. ಇಳಿಯುವಾಗ ಒಂದು ಕೈ ಕಂಬಿಯ ಮೇಲಿರಬೇಕು. "ಟೀಚರ್, ತಳ್ಳೋದು ಯಾರು ಬೇಕಾದ್ರೂ ತಳ್ತಾರೆ. ವಾಪಸ್ ಬರೋದ್ರಲ್ಲಿ ಇರೋದು ಕೆಲ್ಸ, ನಿಧಾನ ಬನ್ನಿ," ಎನ್ನುವಳು. ಸ್ಪ್ರಿಂಗು ಕಡಿಮೆ ಮಾಡಿದರೆ ಸುಲಭವಾಯಿತು ಎಂದು ನಾನು ಹಿಗ್ಗಿದರೆ, "ಕಮ್ಮಿ ಮಾಡಿದ್ರೆ ಹಿಡ್ಕೊಳೋಕೆ ಏನೂ ಇರಲ್ಲ, ಹೊಟ್ಟೇಲಿ ಹಿಡ್ಕೋಬೇಕು," ಎಂದು ನಗುವಳು.

ರಾಗಿಣಿಯ ತಾಯಿ ಅನಂತಲಕ್ಷ್ಮಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಮೂಳೆ ಸವೆದಿತ್ತು. ಬಗ್ಗಿದರೆ ಬೆನ್ನುಮೂಳೆ ಮುರಿದೀತೆಂದು ಕುಸುಮಾ ಅವರನ್ನು ಒಂದು ದಿನವೂ ಮುಂದಕ್ಕೆ ಬಗ್ಗಿಸಲಿಲ್ಲ. ಬೆನ್ನು ನೇರ ಇಟ್ಟೇ ಎಂಟು ತಿಂಗಳು ಕಾಲಿಗೆ ಬಲ ತುಂಬಿ, ಮೆಟ್ಟಿಲು ಹತ್ತಿಸಿದಳು. ಅದಕ್ಕೆ ಆಕೆ ಎಲ್ಲರೆದುರು ಕೊಟ್ಟ ಶಹಬ್ಬಾಸು ಇದು: "ಹೊಲದಲ್ಲಿ ದುಡಿದೋರ ಮನೆ ಹುಡುಗಿ, ಕೈಯಲ್ಲಿ ಶಕ್ತಿ ಇದೆ. ತಲೆ ಉಪಯೋಗಿಸೋ ಕೆಲ್ಸ ಅಲ್ವಲ್ಲ ಇದು." ಕುಸುಮಾ ಮುಂದಿನವರಿಗೆ ಸ್ಪ್ರಿಂಗು ಬದಲಿಸಿದಳು. ನನಗೆ ಮೈ ಉರಿದಿತ್ತು. ಆದರೂ ಎಲ್ಲರ ಜೊತೆ ನಕ್ಕೆ.

ಕುಸುಮಾಳಿಗೆ ಬೇಕಿದ್ದದ್ದು ಒಂದು ಪತ್ರ. ತರಬೇತಿ ಕೊಟ್ಟ ಸಂಸ್ಥೆಯಿಂದ ಪೂರ್ತಿ ಸರ್ಟಿಫಿಕೇಟು ಸಿಗಬೇಕಾದರೆ, ಇವಳ ಕೈಯಲ್ಲಿ ಯಾರಿಗೂ ಪೆಟ್ಟಾಗಿಲ್ಲ ಎಂದು ಸ್ಟುಡಿಯೋ ಬರೆದುಕೊಡಬೇಕು. ಅದು ಬಂದರೆ ಮೂಡಲಪಾಳ್ಯದ ಮನೆಯ ಕೆಳಗಡೆ ತನ್ನದೇ ಎರಡು ಮೆಷಿನ್ನು ಹಾಕಿ, ತಾನೇ ಮೇಡಂ ಆಗಬಹುದು. ದಸರಾ ಮುಗಿಯಲಿ, ಕೊಡ್ತೀನಿ ಎಂದಿದ್ದಳು ರಾಗಿಣಿ.

ಆಯುಧಪೂಜೆಯ ದಿನ ಸ್ಟುಡಿಯೋದಲ್ಲಿ ಅನಂತಲಕ್ಷ್ಮಿಯವರದೇ ಯಜಮಾನಿಕೆ. ನಾಲ್ಕರಲ್ಲಿ ಮುಂದಿನ ಮೆಷಿನ್ನಿಗೆ ಬಾಳೆಕಂದು, ಹೂವಿನ ಹಾರ, ಮೇಲೆ ಕೆಂಪು ರವಿಕೆ ಕಣ. ಕುಸುಮಾ ಬೂದುಗುಂಬಳ ಒಡೆಯಲು ಕೆಳಗೆ ರಸ್ತೆಗೆ ಹೋಗಿದ್ದಳು. ಆಗ ಅನಂತಲಕ್ಷ್ಮಿ ಹಾಸಿನಡಿಗೆ ಕೈ ಹಾಕಿ ಐದೂ ಸ್ಪ್ರಿಂಗು ಬಿಚ್ಚಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟರು. ಸುಂದರವಾಗಿಯೇ ಇಟ್ಟರು. ಮತ್ತೆ ಸಿಕ್ಕಿಸುವುದು ಅವರಿಗೆ ಗೊತ್ತಿರಲಿಲ್ಲ, ಅಲ್ಲೇ ಬಿಟ್ಟು ಮೇಲೆ ರವಿಕೆ ಕಣ ಎಳೆದು ಮುಚ್ಚಿದರು. ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು.

ಮೇಲೆ ಬಂದ ಕುಸುಮಾ, "ಒಂದ್ಸಲ ಚೆಕ್ ಮಾಡ್ಬಿಡ್ತೀನಿ ಮೇಡಂ," ಎಂದಳು. "ಪೂಜೆಗೆ ಕೂತಿರೋದನ್ನ ಇವತ್ತು ಮುಟ್ಟಬಾರ್ದು. ನಾಳೆ ಮಂಗಳಾರತಿ ಆದ್ಮೇಲೆ," ಎಂದು ಆಕೆ ತಡೆದರು. ನಾನು ಕಡ್ಲೆಪುರಿ ತಿನ್ನುತ್ತಿದ್ದೆ. ನಾಳೆ ಹೇಗೂ ಇವಳು ನೋಡುತ್ತಾಳಲ್ಲ ಎಂದುಕೊಂಡೆ.

ವಿಜಯದಶಮಿಯ ಬೆಳಿಗ್ಗೆ ಮಂಗಳಾರತಿ ಮುಗಿಯಿತು. ಮೆಷಿನ್ನಿನ ಕಡೆ ಹೊರಟ ಕುಸುಮಾಳ ಕೈಗೆ ರಾಗಿಣಿ ಆರತಿ ತಟ್ಟೆ ಕೊಟ್ಟು, ಎಲ್ಲರಿಗೂ ತೋರಿಸು ಎಂದಳು. ಅವಳು ತಟ್ಟೆ ಹಿಡಿದು ಎರಡನೆಯವರ ಮುಂದೆ ನಿಂತಿದ್ದಾಗ, ಅನಂತಲಕ್ಷ್ಮಿ ಫೋಟೋಗೆಂದು ಹಾಸಿನ ಮೇಲೆ ಕಾಲಿಟ್ಟು ಹತ್ತಿದರು. "ಮೇಡಂ, ನಿಲ್ಬೇಡಿ," ಎಂದು ಕುಸುಮಾ ತಟ್ಟೆ ಬಿಸಾಡಿ ಓಡಿದಳು. ಹಾಸು ರಪ್ಪನೆ ಜಾರಿತು. ಆಕೆ ಚೌಕಟ್ಟಿನ ಮೇಲೆ ಬಿದ್ದರು, ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಿಂದಲೇ ರಾಗಿಣಿ ಸ್ಟುಡಿಯೋದ ವಾಟ್ಸಾಪ್ ಗುಂಪಿಗೆ ಬರೆದಳು: ಸ್ಪ್ರಿಂಗು ಹಾಕಲು ಮರೆತ ಕುಸುಮಾಳ ನಿರ್ಲಕ್ಷ್ಯದಿಂದ ಅಮ್ಮನಿಗೆ ಹೀಗಾಗಿದೆ, ಅವಳನ್ನು ಕೆಲಸದಿಂದ ತೆಗೆದಿದ್ದೇವೆ. ಕೆಳಗೆ ಇಪ್ಪತ್ತಾರು ಜನ ಕೈಮುಗಿದ ಚಿತ್ರ ಹಾಕಿದರು. ಅದರಲ್ಲಿ ಒಂದು ನನ್ನದು.

ಕುಸುಮಾ ನಮ್ಮ ಶಾಲೆಯ ಗೇಟಿನ ಹತ್ತಿರ ಬಂದು ನಿಂತಳು. "ಟೀಚರ್, ಸ್ಪ್ರಿಂಗ್ ಬಿಚ್ಚಿದ್ದು ಯಾರು ಅಂತ ನೀವೇನಾದ್ರೂ ನೋಡಿದ್ರಾ?"

"ಇಲ್ಲಮ್ಮ, ನಾನು ಪುರಿ ಹಂಚ್ತಾ ಇದ್ದೆ," ಎಂದೆ. ನನ್ನ ಸೊಂಟಕ್ಕೆ ಆ ಮೆಷಿನ್ನು ಬೇಕಿತ್ತು. ಮೆಷಿನ್ನು ರಾಗಿಣಿಯದು. ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ.

"ಹಂಗಾದ್ರೆ ರಾಗಿಣಿ ಅವ್ರ ಅಮ್ಮನ್ನೇ ಕೇಳ್ತೀನಿ, ಪೂಜೆ ಮಾಡಿದ್ದು ಅವ್ರೇ ಅಲ್ವಾ. ನನ್ ಜೊತೆ ಬರ್ತೀರಾ?" ಹೂಂ ಎಂದೆ.

ಮೂರು ವಾರ ಕಳೆದು, ಒಂದು ಮಧ್ಯಾಹ್ನ ಬಸವೇಶ್ವರನಗರದ ಅನಂತಲಕ್ಷ್ಮಿಯವರ ಮನೆಗೆ ಹೋದೆವು. ಆಪರೇಷನ್ ಆಗಿತ್ತು, ಮಂಚದ ಪಕ್ಕ ವಾಕರ್ ಇತ್ತು. ರಾಗಿಣಿ ಸ್ಟುಡಿಯೋದಲ್ಲಿದ್ದಳು. ಕುಸುಮಾ ನೆಲದ ಮೇಲೆ ಕೂತು, "ಮೇಡಂ, ಬಿಚ್ಚಿದ್ದು ನಾನಲ್ಲ ಅಂತ ಒಂದು ಮಾತು ಹೇಳಿ. ಪತ್ರ ನಿಂತೋಗಿದೆ," ಎಂದಳು.

"ನಂಗೇನೂ ನೆನಪಿಲ್ಲ. ನಿಂಗೇನಮ್ಮ, ಇನ್ನೂ ವಯಸ್ಸಿದೆ, ಬೇರೆ ಏನಾದ್ರೂ ಮಾಡ್ಕೊಂಡು ತಿಂತೀಯ. ನನ್ ಮಗಳ ಹೆಸರು ಹೋದ್ರೆ ಬರುತ್ತಾ?" ಎಂದರು ಆಕೆ. ಆಮೇಲೆ, ಏನೂ ಆಗಿಲ್ಲವೆಂಬಂತೆ, "ಬಂದಿದೀಯಲ್ಲ, ಎಬ್ಬಿಸು. ನೋಡ್ಕೊಳ್ಳೋಕೆ ಬರೋಳು ಎಬ್ಬಿಸಿದ್ರೆ ಪ್ರಾಣ ಹೋಗುತ್ತೆ," ಎಂದರು.

ಕುಸುಮಾ ಎಬ್ಬಿಸಿದಳು. ಅಂಚಿಗೆ ಸರಿಸಿ, ಪಾದ ಊರಿಸಿ, "ಉಸಿರು ಬಿಡಿ, ಈಗ ಏಳಿ," ಎಂದು ಸೊಂಟ ಹಿಡಿದು ನಿಲ್ಲಿಸಿದಳು. ಆಕೆ ನರಳಲೂ ಇಲ್ಲ. ವಾಕರಿಗೆ ಕೈ ಚಾಚಿದರು.

ಕುಸುಮಾ ವಾಕರನ್ನು ಕಾಲಿನಿಂದ ಆಚೆ ತಳ್ಳಿದಳು.

ಈಗ ಆ ಮುದುಕಿಯ ಭಾರವೆಲ್ಲ ಅವಳ ಎರಡು ಅಂಗೈ ಮೇಲಿತ್ತು. "ಈಗ ಹೇಳಿ ಮೇಡಂ. ಯಾರು ಬಿಚ್ಚಿದ್ದು?"

ಅನಂತಲಕ್ಷ್ಮಿ ಅವಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. "ನಾನೇ ಕಣೇ. ಕುಂಕುಮ ಇಡೋಕೆ ನಾನೇ ಬಿಚ್ಚಿದ್ದು. ಬಿಡ್ಬೇಡ ಕಣೇ."

"ಬಿಡಲ್ಲ," ಎಂದು ಕುಸುಮಾ ಅವರನ್ನು ನಿಧಾನವಾಗಿ, ಒಂದಿಷ್ಟೂ ನೋಯದಂತೆ ಕೂರಿಸಿದಳು. ಹೆದರಿಕೆಗೆ ಆಕೆಯ ಸೀರೆ ಒದ್ದೆಯಾಗಿತ್ತು. ಅದನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಬೀರುವಿನಿಂದ ಒಣ ಸೀರೆ ಹುಡುಕಿ ತಾನೇ ಉಡಿಸಿದಳು. ಆರು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಜೀವ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆ ರಾಗಿಣಿಯ ಫೋನು. "ಟೀಚರ್, ನೀವೂ ಅಲ್ಲೇ ಇದ್ರಂತೆ. ಅಮ್ಮ ನಿಂತಿದ್ದಾಗ ಅವಳು ವಾಕರ್ ತಳ್ಳಿದ್ದು ನಿಜಾನಾ?"

"ನಿಜ," ಎಂದೆ. ಅವಳಮ್ಮ ಒಪ್ಪಿಕೊಂಡದ್ದನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನನ್ನು ಸಾಕ್ಷಿಯೆಂದು ಹೆಸರಿಸಿ ಅವಳು ಸಂಸ್ಥೆಗೆ ಪತ್ರ ಬರೆದಳು. ಸಂಸ್ಥೆಯವರು ಕುಸುಮಾ ಇನ್ನು ಯಾರಿಗೂ ಕಲಿಸುವಂತಿಲ್ಲ ಎಂದು ತೀರ್ಮಾನಿಸಿದರು.

ಅದು ತಿಳಿದ ದಿನ ಕುಸುಮಾ ನನಗೆ ಫೋನು ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ನೀವು ನೋಡಿದ್ದನ್ನ ನೀವು ಹೇಳಿದ್ರಿ ಟೀಚರ್, ತಪ್ಪು ನಂದೇ," ಎಂದಳು. "ಪೂಜೆ ದಿನ ಮೇಡಂ ಪಕ್ಕ ಕುಂಕುಮದ ಬಟ್ಟಲು ಹಿಡ್ಕೊಂಡಿದ್ದೋರು ನೀವೇ ಅಂತ ನಿಮ್ ಶಾಲೆ ಹತ್ರ ಬರೋ ಮುಂಚೆನೇ ಯಾರೋ ಹೇಳಿದ್ರು. ಅದಕ್ಕೇ ಅವ್ರ ಮನೆಗೆ ಕರ್ಕೊಂಡು ಹೋದೆ. ಅವ್ರ ಮುಖ ನೋಡಿ ನೀವಾದ್ರೂ ಬಾಯಿ ಬಿಡ್ತೀರೇನೋ ಅಂತ."

ಫೋನನ್ನು ಅವಳೇ ಇಟ್ಟಳು. ನಾನು ಬಟ್ಟೆ ಬದಲಿಸಿ ರಾಗಿಣಿಯ ಸ್ಟುಡಿಯೋಗೆ, ಆರು ಗಂಟೆಯ ಕ್ಲಾಸಿಗೆ ಹೋದೆ.