ಗೋಡೆಗೆ ನೀರು ಕುಡಿಸಿದ ಮೇಸ್ತ್ರಿ

ಗೋಡೆ ಕಂಡರೆ ಟೈಲ್ಸ್ ಮೇಸ್ತ್ರಿಯ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೇ ಹೋಗಲಿ, ಬಚ್ಚಲಿಗೆ ನುಗ್ಗಿ, ಬೆರಳ ಗೆಣ್ಣಿನಿಂದ ಟೈಲ್ಸ್ ಬಡಿದು, ತಲೆ ವಾರೆ ಮಾಡಿ ಕೇಳಿಸಿಕೊಂಡು, ‘ಗಟ್ಟಿ’ ಎಂದೋ ‘ಪೊಳ್ಳು’ ಎಂದೋ ತೀರ್ಪು ಕೊಟ್ಟೇ ಹೊರಬರಬೇಕು. ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಬಚ್ಚಲನ್ನೂ ಹೀಗೇ ಬಡಿದು, ಊಟಕ್ಕೆ ಕೂತವರೆಲ್ಲರ ಎದುರು ‘ಪೊಳ್ಳು’ ಎಂದುಬಿಟ್ಟಿದ್ದ. ಆ ಟೈಲ್ಸ್ ಕೂರಿಸಿದವರು ಸ್ವತಃ ಮಾವನೇ. ಜಗಳದಲ್ಲಿ ಬೇರೆ ಅಸ್ತ್ರ ಸಿಗದಿದ್ದರೆ ಹೆಂಡತಿ ಇವತ್ತಿಗೂ ಅದನ್ನೇ ಎತ್ತುತ್ತಾಳೆ.

ಕೆಲಸದಲ್ಲಿ ಮಾತ್ರ ಅವನಿಗೆ ಹೆಸರು ಇಡುವ ಹಾಗಿರಲಿಲ್ಲ. ಆದರೆ ಅವನ ಸ್ವಂತ ಬಚ್ಚಲನ್ನು ನೋಡಿದ್ದರೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಅವರಿವರ ಮನೆಯಲ್ಲಿ ಮಿಕ್ಕ ಟೈಲ್ಸ್ ತಂದು ಕೂರಿಸಿದ ಗೋಡೆ ಅದು. ಒಂದು ಕಡೆ ನೀಲಿ, ಒಂದು ಕಡೆ ಕಂದು, ಮೂಲೆಯಲ್ಲೊಂದು ಒಂಟಿ ಮೀನಿನ ಚಿತ್ರ. ಅದರ ಜೋಡಿ ಯಾರ ಮನೆಯಲ್ಲಿತ್ತೋ. ಸೊಂಟದೆತ್ತರಕ್ಕೆ ಟೈಲ್ಸ್ ಮುಗಿದು, ಮೇಲೆಲ್ಲ ಬರೀ ಸಿಮೆಂಟು, ಸಿಮೆಂಟಿನ ಮೇಲೆ ಬೂಷ್ಟು. ‘ಮುಂದಿನ ತಿಂಗಳು ಮಾಡ್ತೀನಿ ಕಣೇ’ ಅನ್ನುತ್ತ ಅನ್ನುತ್ತ ಮಗಳು ದೊಡ್ಡವಳಾದಳು, ಮೇಸ್ತ್ರಿಯ ಮಂಡಿ ಸವೆಯಿತು, ಗೋಡೆ ಹಾಗೇ ಉಳಿಯಿತು.

ಕೊನೆಗೊಂದು ದಿನ ಕಿತ್ತು ಬಿದ್ದಿದ್ದ ಟೈಲಿನ ಮೇಲೆ ಕಾಲಿಟ್ಟು ಹೆಂಡತಿ ಜಾರಿದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದಮೇಲೆ ಆಸ್ಪತ್ರೆಯಿಂದ ನೇರ ತಂಗಿಯ ಮನೆಗೆ ಹೋದವಳು ಅಲ್ಲೇ ಮುಷ್ಕರ ಹೂಡಿದಳು.

“ಬಚ್ಚಲು ಆದ ದಿನ ಬರ್ತೀನಿ. ಅಲ್ಲೀವರೆಗೂ ನೀವಾಯ್ತು, ನಿಮ್ಮ ಮೀನಾಯ್ತು.”

ಮೇಸ್ತ್ರಿ ಆಗ ಉಳಿ ಸುತ್ತಿಗೆ ಹಿಡಿದ. ನಾಲ್ಕು ಟೈಲ್ಸ್ ಕೀಳುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಕೂತವನು ಏಳಲಾರದೆ ನಲ್ಲಿ ಹಿಡಿದುಕೊಂಡು ಎದ್ದ, ನಲ್ಲಿಯೂ ಕೈಗೆ ಬಂತು. ಬೇರೆ ಮೇಸ್ತ್ರಿಯನ್ನು ಕರೆಸುವುದೆಂದರೆ ಮೂಗು ಕೊಯ್ದುಕೊಂಡ ಹಾಗೆ. ಮನೆಯಲ್ಲಿ ಬೈಯುವವರಿಲ್ಲದೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಾಗ ಮಗಳು ಬಂದಳು. ಅವಳದೂ ಗೋಡೆಯ ಕಸುಬೇ, ಆದರೆ ಟೈಲ್ಸ್ ಅಲ್ಲ. ಬಚ್ಚಲಿಗೆ ಲ್ಯಾಮಿನೇಟ್ ಪ್ಯಾನೆಲ್, ಅಂದರೆ ನೀರು ಹಿಡಿಯದ ತೆಳು ಹಲಗೆ, ಕೂರಿಸುವ ಕೆಲಸ. ಅದೊಂದು ವಿಷಯಕ್ಕೆ ಅಪ್ಪ ಮಗಳ ನಡುವೆ ಮಾತು ಯಾವತ್ತೂ ನೆಟ್ಟಗೆ ನಡೆದದ್ದಿಲ್ಲ.

“ಹಳೇದನ್ನೆಲ್ಲ ಕೀಳೋದೇ ಬೇಡಪ್ಪಾ. ಸಡಿಲ ಇರೋದನ್ನ ತೆಗೆದು, ಗೋಡೆ ಮಟ್ಟ ಮಾಡಿ, ಒಣಗಿದ ಮೇಲೆ ಪ್ಯಾನೆಲ್ ಅಂಟಿಸಿದ್ರೆ ಮುಗೀತು.”

“ಅಂಟಿಸೋದಾ? ಗೋಡೆಗೆ ಪೋಸ್ಟರ್ ಹಚ್ತೀಯೇನೇ?”

“ಹಚ್ತೀನಿ. ಅಮ್ಮನ ಬೇಡಿಕೆ ಈಡೇರಿಸಿ ಅಂತ.”

ಅವಳು ತಂದ ಮಾದರಿ ಹಲಗೆಯನ್ನು ಅವನು ಗೆಣ್ಣಿನಿಂದ ಬಡಿದ. ಡಬ್ ಎಂದಿತು. “ಪೊಳ್ಳು. ಇದು ಬೀರುವಿನ ಬಾಗಿಲು ಕಣೇ, ಗೋಡೆಯಲ್ಲ.”

“ನಿನ್ನ ಮುಂದಿನ ತಿಂಗಳಿಗಿಂತ ಗಟ್ಟಿಯಾಗೇ ಇದೆ ಬಿಡು.”

ಮೇಸ್ತ್ರಿ ಹಲಗೆಯನ್ನು ಗೋಡೆಗೆ ಒರಗಿಸಿಟ್ಟ. ಒಪ್ಪಿಕೊಂಡ.

ಮಗಳು ಸಡಿಲ ಟೈಲ್ಸ್ ಕೆಡವಿ, ತಗ್ಗು ತುಂಬಿ, ಬೂಷ್ಟು ಕೆರೆದು, ಗೋಡೆಯನ್ನು ಒಣಗಲು ಬಿಟ್ಟಳು. ಒಂಟಿ ಮೀನು ಗಟ್ಟಿಯಾಗಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಗೋಡೆ ಪೂರ್ತಿ ಒಣಗಿದ ದಿನ ಬೆಳಿಗ್ಗೆ, “ಪ್ಯಾನೆಲ್ ತರ್ತೀನಿ, ಇವತ್ತೇ ಕೂರಿಸಿಬಿಡೋಣ, ನಾಳೆ ಅಮ್ಮನ್ನ ಕರ್ಕೊಂಡು ಬರೋಣ” ಎಂದು ಹೇಳಿ ಹೋದಳು.

ಹೆಂಡತಿ ನಾಳೆ ಬರುತ್ತಾಳೆ! ಮೇಸ್ತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಗಳೊಬ್ಬಳೇ ಒದ್ದಾಡಬೇಕೆ? ತನ್ನ ಕೈಯೂ ಒಂದಿಷ್ಟು ತಾಗಲಿ ಎನ್ನಿಸಿತು. ಬಚ್ಚಲಿಗೆ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟ. ಒಣಕಲು. ಕಸುಬಿನಲ್ಲಿ ಅವನು ಕಲಿತ ಮೊದಲ ಪಾಠ ಇದು: ಒಣ ಗೋಡೆ ಸಿಮೆಂಟಿನ ನೀರನ್ನೆಲ್ಲ ಹೀರಿಬಿಡುತ್ತದೆ, ಮೇಲಿಟ್ಟದ್ದು ಹಿಡಿಯುವುದಿಲ್ಲ. ಕೂರಿಸುವ ಮೊದಲು ಗೋಡೆಯ ಬಾಯಾರಿಕೆ ಕಳೆಯಬೇಕು. ಬಕೆಟ್ ತುಂಬಿ, ಚೊಂಬಿನಲ್ಲಿ ಮೊಗೆದು, ಮೇಲಿಂದ ಕೆಳಗಿನವರೆಗೆ, ಸಂದುಗೊಂದು ಬಿಡದೆ, ಎಳೆಗೂಸಿಗೆ ಎರೆದ ಹಾಗೆ ನೀರು ಹುಯ್ದ. ಮಂಡಿ ನೋಯುತ್ತಿದ್ದುದೂ ಗೊತ್ತಾಗಲಿಲ್ಲ.

ಮಗಳು ಬಂದವಳೇ ಗೋಡೆ ಮುಟ್ಟಿ ನೋಡಿದಳು.

“ಯಾರಪ್ಪಾ ಇಲ್ಲಿ ನೀರು ಹಾಕಿದ್ದು?”

“ನಾನೇ,” ಎಂದ ಮೇಸ್ತ್ರಿ, ಶಭಾಸ್‌ಗಿರಿಗೆ ಕಾಯುತ್ತಾ. “ಚೆನ್ನಾಗಿ ಕುಡಿಸಿದೀನಿ.”

ಮಗಳು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟಳು. “ಇದು ಸಿಮೆಂಟಲ್ಲಪ್ಪಾ, ಗಮ್ಮು. ಒದ್ದೆ ಗೋಡೆಗೆ ಹಿಡಿಯಲ್ಲ. ಈಗ ಅಂಟಿಸಿದ್ರೆ ಒಂದಿನ ಅಮ್ಮನ ಮೈಮೇಲೇ ಬರುತ್ತೆ. ಮತ್ತೆ ಒಣಗಬೇಕು. ನಾಳೆ ಆಗಲ್ಲ.”

ಅವನ ಮುಖ ಇಳಿದುಹೋಯಿತು. ಮಗಳು ಬೈದಿದ್ದರೂ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಟೇಬಲ್ ಫ್ಯಾನ್ ತಂದು ಗೋಡೆಗೆ ತಿರುಗಿಸಿಟ್ಟು, ಫೋನನ್ನು ಅವನ ಕೈಗೆ ಕೊಟ್ಟಳು.

“ಅಮ್ಮಂಗೆ ನೀನೇ ಹೇಳು.”

ಮೇಸ್ತ್ರಿ ಕೆಮ್ಮಿದ. “ಕೇಳೇ... ನಾಳೆ ಬಚ್ಚಲು ಆಗಲ್ಲ. ನನ್ನದೇ ತಪ್ಪು. ಗೋಡೆಗೆ ನೀರು ಹುಯ್ದುಬಿಟ್ಟೆ.”

ಆ ಕಡೆಯಿಂದ ಹೆಂಡತಿಯ ನಗು ಕೇಳಿಸಿತು. ನಕ್ಕೂ ನಕ್ಕೂ ಸೊಂಟ ನೋಯಿತೆಂದು ಅದಕ್ಕೂ ಅವನನ್ನೇ ಬೈದಳು. “ಈ ಜನ್ಮದಲ್ಲಿ ನಿಮ್ಮ ಬಾಯಲ್ಲಿ ‘ನನ್ನ ತಪ್ಪು’ ಅಂತ ಕೇಳ್ತೀನಿ ಅಂದ್ಕೊಂಡಿರಲಿಲ್ಲ. ನಾಳೆನೇ ಬರ್ತೀನಿ. ಗೋಡೆ ಒಣಗೋವರೆಗೂ ಬಿಸಿನೀರು ಹೊತ್ತು ತಂದು ಮೈ ಒರೆಸೋದು ನಿಮ್ಮ ಕೆಲಸ. ಒಪ್ಪಿಗೆಯಾ?”

“ಒಪ್ಪಿಗೆ.”

ಮುಷ್ಕರ ಮುಗಿಯಿತು. ಗೋಡೆ ತನ್ನ ಪಾಡಿಗೆ ನಿಧಾನವಾಗಿ ಒಣಗಿತು. ಮೇಸ್ತ್ರಿ ಮಂಡಿ ಹಿಡಿದುಕೊಂಡು ನೀರು ಹೊತ್ತ, ಬೈಸಿಕೊಂಡ, ಮೈಕೈ ತುಂಬಿಕೊಂಡ. ಆಮೇಲೆ ಮಗಳು ಪ್ಯಾನೆಲ್ ಕೂರಿಸಿ, ಸಂದುಗಳಿಗೆ ಸಿಲಿಕಾನ್ ತುಂಬಿ, ಅಮ್ಮನ ಆಸರೆಗೆ ಒಂದು ಕಂಬಿಯನ್ನು ಒಳಗಿನ ಗೋಡೆಗೇ ಸೇರುವಂತೆ ತಿರುಪು ಹಾಕಿ ಬಿಗಿದಳು. ಒಂಟಿ ಮೀನು ಹಲಗೆಯ ಹಿಂದೆ ಉಳಿಯಿತು.

ಮೊದಲ ಸ್ನಾನಕ್ಕೆ ಹೆಂಡತಿ ಒಳಗೆ ಹೋದಳು. ಮೇಸ್ತ್ರಿ ಹೊರಗೆ ನಿಂತ. ನೀರಿನ ಸದ್ದು ಕೇಳುತ್ತಿತ್ತು, ಥಟ್ಟನೆ ನಿಂತಿತು. ಕೂಗಿ ಕೇಳಲು ಬಿಗುಮಾನ. ಗೆಣ್ಣಿನಿಂದ ಗೋಡೆ ಬಡಿದ.

“ಬಿದ್ದಿಲ್ಲ!” ಎಂದಿತು ಒಳಗಿನ ದನಿ. “ಸೋಪು ಹಚ್ಕೋತಿದೀನಿ. ಪೊಳ್ಳೋ ಗಟ್ಟಿಯೋ ಆಮೇಲೆ ಹೇಳ್ತೀನಿ, ಹೋಗಿ ಚಹಾಕ್ಕಿಡಿ.”