ಅಕ್ಕನ ಹೊರಸು

ನಮ್ಮ ವಳಕಮದಿನ್ನಿಯ ಸೂಗಮ್ಮನಿಗೆ ತನ್ನ ಅಕ್ಕ ಆದಮ್ಮ ಕೂರುತ್ತಿದ್ದ ಹಗ್ಗದ ಹೊರಸಿನ ಮೇಲೆ ಹೊಟ್ಟೆಕಿಚ್ಚಿತ್ತು. ಅವರ ತಂದೆ ಮುದುಕಪ್ಪನ ಪಾದಗಳು ವಯಸ್ಸಿಗೆ ಮೊದಲೇ ಸೊರಗಿ ಜೋತುಬಿದ್ದಿದ್ದವು. ಆದಮ್ಮ ಮೈನೆರೆದ ವರ್ಷ ಅವಳ ಪಾದಗಳೂ ಹಾಗೇ ಆದಾಗ ಅವನು ಹೆದರಿದ. ‘ನರ ದಣಿದರ ಸಾಯ್ತಾವ. ನೀ ಕುಂದ್ರು ಮಗಳ’ ಎಂದು ಹೊರಸು ಹಾಕಿಕೊಟ್ಟ. ಹಾಲು, ಬಿಸಿ ರೊಟ್ಟಿ ಅಲ್ಲಿಗೇ ಹೋಗುತ್ತಿದ್ದವು.

ಮುಂದೆ ಸೂಗಮ್ಮನ ಪಾದಗಳೂ ಜೋತವು. ಅದನ್ನು ಯಾರೂ ನಂಬಲಿಲ್ಲ. ಬೆರಳು ನೆಲಕ್ಕೆ ಎಡವದಂತೆ ಅವಳು ಮೊಣಕಾಲು ಎತ್ತೆತ್ತಿ ಇಡುತ್ತಿದ್ದಳು. ಆದರೆ ಮುದುಕಪ್ಪ ಅವಳ ನಡಿಗೆ ನೋಡುತ್ತಿದ್ದದ್ದು ಸಸಿ ಹಚ್ಚುವ ಗದ್ದೆಯಲ್ಲಿ. ಕೆಸರಿನಲ್ಲಿ ಎಲ್ಲ ಹೆಂಗಸರೂ ಹಾಗೆಯೇ ಕಾಲೆತ್ತಿ ಇಡುತ್ತಾರೆ.

‘ನನ್ನ ಕಾಲೂ ಬಿದ್ದಾವ ಅಪ್ಪಾ.’

‘ಎಲ್ಲಾರ ಜೋಡಿ ಸಮ ಹಚ್ಚೀದಿ. ಅಕ್ಕನ್ನ ನೋಡಿ ನಿನಗೂ ಹೊರಸು ಬೇಕಾತೇನು?’

ಬೇಕಾಗಿತ್ತು. ೧೯೮೮ರ ಮಳೆಗಾಲದಲ್ಲಿ ಅವಳು ಸಸಿಯ ಕಟ್ಟನ್ನು ಬದುವಿನ ಮೇಲಿಟ್ಟು ಮನೆಗೆ ಬಂದು ಅಕ್ಕನ ಪಕ್ಕ ಕುಳಿತುಬಿಟ್ಟಳು. ‘ಡಾಕ್ಟರು ನನಗೇನೂ ಇಲ್ಲ ಅಂದರ ಏಳ್ತೀನಿ’ ಎಂದಳು.

ಮುದುಕಪ್ಪ ಇಬ್ಬರನ್ನೂ ಬಸ್ಸಿನಲ್ಲಿ ಲಿಂಗಸುಗೂರಿಗೆ ಕರೆದೊಯ್ದ. ಆದಮ್ಮನನ್ನು ಎತ್ತಿ ಹತ್ತಿಸಬೇಕಾಯಿತು. ಡಾಕ್ಟರು ಇಬ್ಬರ ಪಾದಗಳನ್ನೂ ಒತ್ತಿ ನೋಡಿದರು, ನಿಲ್ಲಿಸಿ ನೋಡಿದರು.

‘ಇಬ್ಬರದೂ ಒಂದ ರೋಗ, ನಿಮ್ಮಿಂದನ ಬಂದೈತಿ. ಇದಕ್ಕ ಗುಳಿಗಿ ಇಲ್ಲ. ದೊಡ್ಡಾಕಿ ಕುಂತು ಕುಂತು ಇದ್ದ ಶಕ್ತೀನೂ ಕಳಕೊಂಡಾಳ. ಸಣ್ಣಾಕಿ ನಡದಾಳ, ಅದಕ್ಕ ಒಂದೀಟು ಉಳದೈತಿ. ಇಬ್ಬರೂ ದಿನಾ ನಡೀಬೇಕು, ಭಾಳ ದಣಿಯೂಕಿಂತ ಮೊದಲ ನಿಲ್ಲಿಸಬೇಕು. ದೊಡ್ಡಾಕೀನ ನೀರಾಗ ನಡಸ್ರಿ, ಮೈಭಾರ ಗೊತ್ತಾಗೂದಿಲ್ಲ.’

ರೋಗ ಇದೆಯೆಂದು ಸಾಬೀತಾಯಿತು. ಹೊರಸು ಮಾತ್ರ ಸಿಗಲಿಲ್ಲ.

ಕಾಲುವೆಯ ಸೊಂಟಮಟ್ಟದ ನೀರಿನಲ್ಲಿ ಅಕ್ಕನನ್ನು ನಡೆಸುವ ಕೆಲಸವೂ ಸೂಗಮ್ಮನ ಪಾಲಿಗೇ ಬಂತು. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹುಸೇನಮ್ಮ ಕೂಗಿದಳು: ‘ಯವ್ವಾ, ಆದಮ್ಮ ನಡಿಯಾಕತ್ತಾಳ! ಎಂಥಾ ಗಟ್ಟಿ ಹುಡುಗಿ!’

ಇಷ್ಟು ವರ್ಷ ನಡೆದ ತನ್ನನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಸೂಗಮ್ಮನಿಗೆ ಹಿಡಿದ ತೋಳನ್ನು ಬಿಟ್ಟುಬಿಡೋಣ ಅನ್ನಿಸಿತು.

ಆದಮ್ಮ ಏದುಸಿರು ಬಿಡುತ್ತ ನಿಂತಳು. ‘ಇಷ್ಟಕ್ಕ ಜೀವ ಹೋಗಾಕತ್ತೈತಿ. ನೀ ಹಗಲೆಲ್ಲ ಕೆಸರಾಗ ಹ್ಯಾಂಗ ನಿಂತಿದ್ದಿ ಬೇ?’

‘ನೀ ಕುಂತಿದ್ದಿ, ಅದಕ್ಕ ನಾ ನಿಂತೆ.’

‘ಕುಂತು ನಿನ್ನ ಕಾಲ ನೋಡ್ತಿದ್ದೆ. ಹೊಟ್ಟಿ ಉರೀತಿತ್ತು ನನಗ.’

ಸೂಗಮ್ಮ ಅಕ್ಕನ ಮುಖವನ್ನು ದಿಟ್ಟಿಸಿ ನೋಡಿದಳು. ಆದಮ್ಮ ಸುಳ್ಳು ಹೇಳುತ್ತಿರಲಿಲ್ಲ.

‘ಇನ್ನೂ ಉರೀಲಿ’ ಎಂದಳು ಸೂಗಮ್ಮ. ತೋಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ‘ದಣದೀದಿ, ದಂಡಿಗೆ ನಡಿ.’