ಗುರುದೇವಿ ಮೇಡಂ ಓದುವ ಪುಸ್ತಕಗಳು

ಹುಣಸಗಿಯ ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿರುವ ಗುರುದೇವಿ ಮೇಡಂ ಸುರಪುರದಿಂದ ಬಸ್ಸಿನಲ್ಲಿ ಬರುವಾಗ ಪತ್ತೇದಾರಿ ಕಾದಂಬರಿ ಹಿಡಿದರೆಂದರೆ ಕಂಡಕ್ಟರನ ಮೇಲೂ ಅವರಿಗೆ ಅನುಮಾನ. ಕೊನೆಯ ಪುಟಗಳತ್ತ ಕಣ್ಣು ಹೋದೀತೆಂದು ಅವಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿರುತ್ತಾರೆ. ಗೇಟಿನಲ್ಲಿ ಜವಾನ ಮಲ್ಲಣ್ಣ, "ಕೊಲಿ ಯಾರು ಮಾಡ್ಯಾರ್ರಿ?" ಎಂದು ಕೇಳಿದರೆ, "ಅವಸರ ಮಾಡಬ್ಯಾಡೋ, ಇನ್ನಾ ಹೆಣಾನ ಸಿಕ್ಕಿಲ್ಲ" ಎನ್ನುತ್ತಾರೆ. ಶಾಲೆಯೊಳಗೆ ಕಾಲಿಟ್ಟ ಮೇಲೆ ಮಾತ್ರ ಚಿತ್ರಪುಸ್ತಕಗಳು. ಗ್ರಂಥಾಲಯದ ಬಾಗಿಲಲ್ಲೇ ಕೂತು, ಬಾಲ ಕಳೆದುಕೊಂಡ ಆನೆಯ ಕಥೆಯನ್ನು ಗಟ್ಟಿಯಾಗಿ ಓದುತ್ತಾರೆ. "ಈ ವಯಸ್ಸಿನ್ಯಾಗ ಇದೇನ್ರಿ ಮೇಡಂ?" ಎಂದು ಗಣಿತದ ವಿಶ್ವರಾಧ್ಯ ಮಾಸ್ತರರು ಕೆಣಕಿದರೆ, "ಸುಮ್ಮಿರ್ರಿ ಸರ, ಆನಿ ಅಳಾಕತ್ತೈತಿ" ಎಂದು ಗದರುತ್ತಾರೆ. ಎಂಟನೆಯ ತರಗತಿಯ ರಾಧಿಕಾ ದಿನವೂ ಆ ಬಾಗಿಲ ಪಕ್ಕದಲ್ಲಿ ನಿಂತು ಕೇಳುತ್ತಾಳೆ. ಅಪ್ಪ ಅಮ್ಮನ ಜೊತೆ ಕೂಲಿ ಸಿಕ್ಕ ಊರುಗಳನ್ನೆಲ್ಲ ಸುತ್ತಿ ಬಂದ ಅವಳಿಗೆ ಇನ್ನೂ ಅಕ್ಷರ ಕೂಡಿಸಿ ಓದುವುದು ಕಷ್ಟ. ಸಣ್ಣ ಮಕ್ಕಳ ಪುಸ್ತಕ ಮುಟ್ಟಿದರೆ ಗೆಳತಿಯರು ನಕ್ಕಾರೆಂಬ ನಾಚಿಕೆ ಬೇರೆ. ಇಂಥ ಪುಸ್ತಕಗಳನ್ನು ದೊಡ್ಡವರೂ ಓದುತ್ತಾರೆಂದು ಅವಳಿಗೆ ಕಾಣಲೆಂದೇ ಮೇಡಂ ಅಲ್ಲಿ ಕೂರುವುದು. ನಗುವವರು ಬೇಕಾದರೆ ತಮ್ಮನ್ನೇ ನೋಡಿ ನಗಲಿ ಎಂಬುದು ಮೇಡಂ ಲೆಕ್ಕ. ಮೊನ್ನೆ ರಾಧಿಕಾ ಗೆಳತಿಯರ ಮುಂದೆಯೇ, "ನಿಮ್ದು ಓದೂದು ಮುಗದ್ರ ನನಗ ಕೊಡ್ರಿ ಮೇಡಂ" ಎಂದಳು. "ಎಲ್ಲಿ ಮುಗೀತವ್ವ? ಬಾಜೂಕ ಕುಂದ್ರು ಬಾ, ಕೂಡೇ ಓದೂಣು" ಎಂದು ಮೇಡಂ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಇಬ್ಬರೂ ಓದಿದರು. ಮೇಡಂ ಪುಟ ತಿರುವಲು ಹೋದಾಗ ರಾಧಿಕಾ ಅವರ ಕೈ ಹಿಡಿದು ನಿಲ್ಲಿಸಿ, "ತಡೀರಿ, ನಂದಿನ್ನಾ ಎರಡು ಸಾಲು ಅದಾವ" ಎಂದಳು.